ನಾರಾಯಣಪ್ಪ ಮೇಷ್ಟ್ರ ಹಸಿರು ಪೊರೆ

ಓವನ್ನಿನ ಬಾಗಿಲು ತೆಗೆಯುವ ಮೊದಲು ನಾರಾಯಣಪ್ಪ ಮೇಷ್ಟ್ರು ಅದರ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತೆ. ಥರ್ಮಾಮೀಟರ್ ಕಣ್ಣೆದುರಿಗೇ ಇರುತ್ತಿತ್ತು. ಕಾಲೇಜಿನ ಲ್ಯಾಬಿನಲ್ಲಿ ನೋಡುತ್ತಿದ್ದ ನಮಗೆಲ್ಲ ನಗು.

"ಡಿಗ್ರಿ ಎಷ್ಟು ಅಂತ ಅದು ಏಳ್ತದೆ ಕಣಮ್ಮಾ. ಅವಸರ ಬ್ಯಾಡ ಅಂತ ನಂಗೆ ಯಾರು ಏಳ್ತಾರೆ?" ಎನ್ನುತ್ತಿದ್ದರು.

ಕೆಜಿಎಫ್‌ನ ಕಾಲೇಜಿನಲ್ಲಿ ನನಗೆ ಕೆಮಿಸ್ಟ್ರಿ ಕಲಿಸಿದವರು ಅವರು. ಎಂಬತ್ತರ ದಶಕದ ಕೊನೆಗೆ ನಾನು ಬೆಂಗಳೂರಿನ ಲ್ಯಾಬೊಂದಕ್ಕೆ ಸಂಶೋಧನೆಗೆ ಸೇರಿದರೆ, ಅದೇ ಗೈಡ್ ಬಳಿ ಮೇಷ್ಟ್ರೂ ಪಿಎಚ್‌ಡಿ ಮಾಡುತ್ತಿದ್ದರು! ಕರೆಂಟು ಹರಿಸುವ ಪ್ಲಾಸ್ಟಿಕ್ಕಿನ ಹಸಿರು ಪೊರೆಯನ್ನು ಕಾಯಿಸಿದರೆ ಅದರ ಒಳರಚನೆ ಏನಾಗುತ್ತದೆ ಎಂಬುದು ಅವರ ವಿಷಯ. ಹದವಾಗಿ ಕಾಯಿಸಿದರೆ ಗೋಜಲಾಗಿದ್ದ ಅಣುಸರಪಳಿಗಳು ಸಾಲಾಗಿ ಕೂತು ಕರೆಂಟು ಸಲೀಸಾಗುತ್ತದೆ. ಹದ ಮೀರಿದರೆ ಪೊರೆ ಕಪ್ಪಿಟ್ಟು ಕೆಟ್ಟೇ ಹೋಗುತ್ತದೆ.

ಕಾಯಿಸುವುದು ಕೆಜಿಎಫ್‌ ಕಾಲೇಜಿನ ಆ ಓವನ್ನಿನಲ್ಲಿ, ಕರೆಂಟು ಎಷ್ಟು ಹರಿಯುತ್ತದೆಂದು ಅಳೆಯುವುದು ಬೆಂಗಳೂರಿನಲ್ಲಿ. ಮಾರಿಕುಪ್ಪಂ ರೈಲಿನಲ್ಲಿ ಊಟದ ಡಬ್ಬಿಯೊಳಗೆ ಪೊರೆ ತರುತ್ತಿದ್ದರು, ದಾರಿಯ ಬಿಸಿಲಿಗೆ ಮತ್ತೆ ಕಾಯದಿರಲೆಂದು ಡಬ್ಬಿಗೆ ಒದ್ದೆಬಟ್ಟೆ ಸುತ್ತಿ. ಬಂಗಾರಪೇಟೆ ಸಂತೆಗೆ ಅವರ ತಾಯಿ ಬೆಣ್ಣೆ ಒಯ್ಯುತ್ತಿದ್ದದ್ದು ಹಾಗೆಯೇ. ಲ್ಯಾಬಿನಲ್ಲೇ ಇದ್ದ ಕಾಯಿಸದ ಪೊರೆಗಿಂತ ಅವರದರ ಅಳತೆ ಎಷ್ಟು ಮೇಲಿತ್ತೆಂದರೆ, ಗೈಡ್ ಥೀಸಿಸ್ ಬರೆಯಲು ಹೇಳಿಬಿಟ್ಟರು.

ಅದು ಟೈಪಾಗುತ್ತಿದ್ದಾಗ ಒಮ್ಮೆ ಬಟ್ಟೆ ಸುತ್ತುವುದನ್ನು ಮರೆತು ಬಂದರು. ಅಳತೆ ಪಾತಾಳಕ್ಕಿಳಿಯಿತು. ಅದೇ ಪೊರೆಯನ್ನು ಒದ್ದೆಬಟ್ಟೆಯ ಜೊತೆ ಡಬ್ಬಿಯಲ್ಲಿಟ್ಟು ತೆಗೆದು ಅಳೆದರು, ಏರಿತು. ಇಷ್ಟು ಕಾಲ ಆ ಪೊರೆಗಳು ಮೆರೆದದ್ದು ಕುಡಿದ ತೇವದಿಂದ, ಕಾವಿನಿಂದಲ್ಲ. ಮೇಷ್ಟ್ರು ಆ ಒದ್ದೆಬಟ್ಟೆಯನ್ನು ಕೈಗೆತ್ತಿಕೊಂಡರು.

"ಬೆಣ್ಣೆಗೆ ಮಾಡ್ದಂಗೆ ಇದ್ಕೂ ಮಾಡ್ಬಿಟ್ನಲ್ಲಮ್ಮಾ!"

"ಅದೊಂದು ಅಳತೆ ಬಿಟ್ಟುಬಿಡಿ ಸಾರ್," ಎಂದರು ಲ್ಯಾಬಿನವರು.

"ಅದೊಂದೇ ಕಣಪ್ಪಾ ದಿಟ ಆಗಿರೋದು. ಮಿಕ್ಕಿದ್ದು ಬಿಡ್ತೀನಿ."

ಥೀಸಿಸ್ ವಾಪಸು ತೆಗೆದುಕೊಂಡರು. ನನಗೆ ತಡೆಯಲಾರದ ಸಂಕಟವಾಯಿತು. ಅವರು ಮಾತ್ರ ತೇವ ಹೀರುವ ಹರಳುಗಳನ್ನು ಡಬ್ಬಿಗೆ ತುಂಬಿಕೊಂಡು ಮೊದಲಿನಿಂದ ಶುರು ಮಾಡಿದರು. ಕೆಲಸ ಮುಗಿಯುತ್ತ ಬಂದಾಗ ಕಿಡ್ನಿ ಕೈಕೊಟ್ಟಿತು. ಕೊನೆಯ ಪೊರೆಗಳನ್ನು ನಾನೇ ಅಳೆದು, ಬಂಗಾರಪೇಟೆಯ ಆಸ್ಪತ್ರೆಗೆ ಹೋದೆ.

"ಏನ್ ಬಂತಮ್ಮಾ?" ಎಂದರು, ಕೂರಲೂ ಆಗದೆ.

"ಕಾಯಿಸಿದ್ದಕ್ಕೆ ಏರಿದೆ ಸಾರ್. ಆದರೆ ಸ್ವಲ್ಪವೇ. ಎಷ್ಟು ಸಲ ಅಳೆದರೂ ಅಷ್ಟೇ."

ಕಣ್ಣು ಮುಚ್ಚಿಕೊಂಡರು. ಮುಖದಲ್ಲಿ ನೆಮ್ಮದಿ ಇತ್ತು.

"ಅಂಗಾದ್ರೆ ಅಷ್ಟೇ ಬರಿ."

ಆ ವಾರವೇ ಹೋದರು. ಡಾಕ್ಟರೇಟ್ ಬರಲಿಲ್ಲ. ಮುಂದೆ ನನ್ನ ಥೀಸಿಸ್ಸಿನಲ್ಲಿ ಆ ಸಣ್ಣ ಏರಿಕೆಯನ್ನು ಅವರ ಹೆಸರಿನಲ್ಲೇ ಬರೆದೆ, ಒಂದಿಷ್ಟೂ ಹೆಚ್ಚಿಸದೆ.