ತಂಗಿ ಆರಿಸಿದ ಫ್ಲ್ಯಾಶ್

ಬಳ್ಳಾರಿಯ ಗಾಂಧಿನಗರದಲ್ಲಿ ನಾನೂ ತಂಗಿಯೂ ಸೇರಿ ಸ್ಟುಡಿಯೋ ತೆರೆದಾಗ ಬೆಳಕಿನ ವಿಷಯವೊಂದನ್ನು ಬಿಟ್ಟು ಮತ್ತೆಲ್ಲದರಲ್ಲೂ ನಮಗೆ ಹೊಂದಿಕೆಯಿತ್ತು. ಫೋಟೊ ತೆಗೆಯುವವಳು ಅವಳು. ಗಿರಾಕಿಗಳನ್ನು ಮಾತಾಡಿಸುವುದು, ಆಲ್ಬಮ್ ಮಾಡಿಸುವುದು ನನ್ನ ಪಾಲು. ಅವಳಿಗೆ ಫ್ಲ್ಯಾಶ್ ಬೇಕಿತ್ತು. ಅದರ ಹೆಸರೆತ್ತಿದರೇ ನಾನು ಬೇಡವೆನ್ನುತ್ತಿದ್ದೆ.

ಕುರುಗೋಡಿನಲ್ಲಿ ಶಾಲೆಗೆ ಹೋಗುತ್ತಿದ್ದಾಗ ಅವಳಿಗೆ ಮೂರ್ಛೆರೋಗ ಶುರುವಾಗಿತ್ತು. ಟ್ಯೂಬ್‌ಲೈಟು ಪಟಪಟನೆ ಮಿಣುಕುತ್ತಿದ್ದ ಒಂದು ಸಂಜೆ ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ಬಿದ್ದು ಒದ್ದಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಗುಳಿಗೆಗಳ ದೆಸೆಯಿಂದ ಬಹಳ ವರ್ಷ ಅದು ಮರುಕಳಿಸಿರಲಿಲ್ಲ. ಫ್ಲ್ಯಾಶ್ ಬಗ್ಗೆ ಕೇಳಿದಾಗ ಡಾಕ್ಟರು, "ಬಿಟ್ಟು ಬಿಟ್ಟು ಒಂದೊಂದ ಸಲ ಮಿಂಚಿದ್ರ ಸಾಮಾನ್ಯವಾಗಿ ತೊಂದ್ರಿ ಇಲ್ಲ. ಬಿಡದಂಗ ಮಿಂಚೋ ಬೆಳಕಿನಿಂದ ದೂರ ಇರ್ರಿ," ಎಂದಿದ್ದರು. ಮೊದಲ ಮಾತನ್ನು ಅವಳು ಹಿಡಿದುಕೊಂಡಳು, ಎರಡನೆಯದನ್ನು ನಾನು.

ನನ್ನ ಹಟಕ್ಕೆ, ಸದಾ ಉರಿಯುವ ಎಲ್‌ಇಡಿ ದೀಪಗಳನ್ನೇ ತಂದೆವು. ಸಿರುಗುಪ್ಪದ ಕುಟುಂಬವೊಂದು ಮಗುವಿನ ಮೊದಲ ಹುಟ್ಟುಹಬ್ಬದ ಫೋಟೊಗೆಂದು ಬಂತು. ಮಗು ಕೂತಲ್ಲಿ ಕೂರಲಿಲ್ಲ. ಆ ಬೆಳಕು ಸಾಲದೆ ಚಿತ್ರಗಳೆಲ್ಲ ಅಲುಗಿ ಮುಖ ಮಸುಕಾಯಿತು. ಮಗುವಿನ ಅಜ್ಜಿ ನೋಡಿ, "ಕೂಸಿನ ಮಾರೀನ ಕಾಣವಲ್ದಲ್ಲವ್ವಾ," ಎಂದರು. ತಂಗಿ ತಲೆ ತಗ್ಗಿಸಿದಳು.

ಮರುದಿನ ಇಬ್ಬರೂ ಕ್ಯಾಮೆರಾ ಅಂಗಡಿಗೆ ಹೋದೆವು. ಅಂಗಡಿಯವರು ಹೊಸ ಫ್ಲ್ಯಾಶ್ ಒಂದನ್ನು ಸ್ಟ್ಯಾಂಡಿಗೇರಿಸಿ, "ಇದರ ಸ್ಪೀಡ್ ನೋಡ್ರಿ ಮೇಡಂ," ಎಂದು ಗುಂಡಿ ಒತ್ತಿದರು. ಬೆಳಕು ಬಿಡದೆ ಮಿಂಚತೊಡಗಿತು. ನಾನು ತಂಗಿಯ ಮುಖದ ಮೇಲೆ ಸೆರಗು ಮುಚ್ಚಿ ಚೀರಿದೆ: "ನಿಲ್ಲಸ್ರೀ! ಆಕಿಗೆ ಮೂರ್ಛೆ ಐತಿ!"

ಬೆಳಕು ನಿಂತಿತು. ಅಂಗಡಿಯಲ್ಲಿದ್ದವರೆಲ್ಲ ಅವಳತ್ತ ತಿರುಗಿದರು. ಅವರಲ್ಲಿ ಕೆಲವರು ನಮ್ಮದೇ ಕಸುಬಿನವರು. ತಂಗಿಗೆ ಏನೂ ಆಗಿರಲಿಲ್ಲ. ಸೆರಗು ಸರಿಸಿ ಹೊರನಡೆದಳು.

"ಕಣ್ಣು ಮುಚ್ಚಿಕೊಳ್ಳಾಕ ನನಗ ಬರ್ತಿತ್ತು ಅಕ್ಕಾ," ಎಂದಳು ರಸ್ತೆಯಲ್ಲಿ. "ಇಷ್ಟು ಮಂದಿ ಮುಂದ ಸಾರಿದ್ಯಲ್ಲ, ಇನ್ನ ನನ್ನ ಯಾರು ಮದುವಿ ಫೋಟೊಕ್ಕ ಕರೀತಾರ?"

"ನಿನಗೇನರ ಆಗಿದ್ರ?"

"ಆಗಿದ್ರ ನನಗ ಆಗ್ತಿತ್ತು."

ಕೆಲವು ದಿನಗಳ ಮೇಲೆ ಅವಳೊಬ್ಬಳೇ ಹೋಗಿ ಫ್ಲ್ಯಾಶ್ ತಂದಳು. ಒಮ್ಮೆ ಮಿಂಚಿದರೆ ಮತ್ತೆ ಸಿದ್ಧವಾಗಲು ಹೊತ್ತು ತೆಗೆದುಕೊಳ್ಳುವಂಥದ್ದು. ಎಷ್ಟು ಒತ್ತಿದರೂ ಬೇಗ ಬೇಗ ಮಿಂಚದು. ಅಂಗಡಿಯವರು ಹಳೇ ಮಾಡೆಲ್, ಬೇಡ ಎಂದರಂತೆ. "ನಿಧಾನದ್ದ ಬೇಕ್ರಿ," ಎಂದಳಂತೆ ಇವಳು.

ಸಿರುಗುಪ್ಪದವರನ್ನು ಮತ್ತೆ ಕರೆಸಿದೆವು. ಮಗು ಚಪ್ಪಾಳೆ ತಟ್ಟುತ್ತಿರುವ ಚಿತ್ರದಲ್ಲಿ ಅದರ ಒಂದೊಂದು ರೆಪ್ಪೆಯೂ ಸ್ಪಷ್ಟವಾಗಿ ಮೂಡಿತ್ತು. ನಾನು ಮಾತ್ರ ಪ್ರತಿ ಮಿಂಚಿಗೂ ತಂಗಿಯ ಮುಖವನ್ನೇ ನೋಡುತ್ತಿದ್ದೆ. ಅವಳು ಕ್ಯಾಮೆರಾ ಇಳಿಸಿ ಮೆಲ್ಲಗೆ, "ಅಕ್ಕಾ, ನೀ ಹೊರಗ ಕುಂದ್ರು," ಎಂದಳು.

ಅದಾದ ಮೇಲೆ ತೆಕ್ಕಲಕೋಟೆಯ ಮದುವೆಯ ಕೆಲಸವೊಂದು ನಮ್ಮ ಕೈತಪ್ಪಿತು. ಅವರು ಕಾರಣ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಈಗಲೂ ಫೋಟೊ ತೆಗೆಯುವಾಗ ನಾನು ಹೊರಗೇ ಕೂರುತ್ತೇನೆ. ಒಳಗಿನಿಂದ ಚಿಲಕ ಹಾಕಬೇಡ ಎಂದಷ್ಟೇ ಕೇಳಿಕೊಂಡಿದ್ದೇನೆ. ಅದಕ್ಕೆ ಅವಳು ಒಪ್ಪಿದ್ದಾಳೆ.