ಲಾಂಚಿನ ಗೇರಿಗೆ ಟ್ರ್ಯಾಕ್ಟರ್ ಎಣ್ಣೆ

ಮೊನ್ನೆ ಸಾವಳಗಿಯ ರೈತರೊಬ್ಬರು ಜಮಖಂಡಿಯ ನನ್ನ ಗ್ಯಾರೇಜಿನ ಮುಂದೆ ಟ್ರ್ಯಾಕ್ಟರ್ ತಂದು ನಿಲ್ಲಿಸಿದರು. ಗೇರ್ ಬಾಕ್ಸಿನ ಬೋಲ್ಟ್ ಬಿಚ್ಚಿದ ಕೂಡಲೇ ಹಳೇ ಎಣ್ಣೆಯ ಘಾಟು ಮೂಗಿಗೆ ಬಡಿಯಿತು. ದಿನವೂ ಕುಡಿಯುವ ಗಾಳಿ ಅದು. ಆದರೂ ಆ ಹೊತ್ತಿಗೆ ಯಾಕೋ ಲಾಂಚ್ ಕಾಕಾ ನೆನಪಾದರು…

ಕೃಷ್ಣೆಯ ಈ ದಂಡೆಯಿಂದ ಆ ದಂಡೆಗೆ ಜನ, ಆಡು, ಸೈಕಲ್ ಮೋಟಾರುಗಳನ್ನು ದಾಟಿಸುತ್ತಿದ್ದ ಲಾಂಚಿನ ಡ್ರೈವರ್ ಅವರು. ಕೊಂಕಣದ ಕಡೆಯಿಂದ ತಂದ ಹಳೇ ಹಾಯಿದೋಣಿ ಅದು. ಹಾಯಿಕಂಬ ಕಿತ್ತ ಜಾಗಕ್ಕೆ ಹಲಗೆ ಬಡಿದಿದ್ದರು, ಹೊಟ್ಟೆಯೊಳಗೆ ಡೀಸೆಲ್ ಎಂಜಿನ್ ಇತ್ತು. ಕಾಕಾ ಅದನ್ನು ‘ನಮ್ಮ ಮುದುಕಿ’ ಅನ್ನುತ್ತಿದ್ದರು. ಬೈಯುವಾಗಲೂ ಮುದುಕಿ, ಮುದ್ದು ಬಂದಾಗಲೂ ಮುದುಕಿ. ಆ ಸ್ಟಿಯರಿಂಗ್ ಬಿಟ್ಟರೆ ಅವರಿಗೆ ಬೇರೆ ಬದುಕೇ ಗೊತ್ತಿರಲಿಲ್ಲ.

ಒಂದು ಚಳಿಗಾಲ ಮುದುಕಿ ಹಟ ಹಿಡಿಯಿತು. ಎಂಜಿನ್ ಎಷ್ಟು ಒದರಿದರೂ ಲಾಂಚ್ ಮುಂದೆ ಹೋಗಲೊಲ್ಲದು. ಒಂದು ಸಲವಂತೂ ನಡುಹೊಳೆಯಲ್ಲಿ ಜನರ ಸಮೇತ ಹರಿವಿನ ಜೊತೆ ಕೆಳಗೆ ತೇಲಿಹೋಯಿತು. ದಂಡೆ ಹತ್ತಿದ್ದು ಎಲ್ಲರ ಪುಣ್ಯ. ಲಾಂಚಿನ ಮಾಲೀಕರಾದ ಸಾವಕಾರರು ರೋಸಿಹೋದರು. “ಮಿಸ್ತ್ರಿ ಬಂದು ನೋಡ್ಲಿ. ಗೇರ್ ಹೋಗೇತಿ ಅಂದ್ರ ನಾಳೆನ ಗುಜರಿಗೆ ಹಾಕೂದು” ಎಂದು ನನ್ನನ್ನು ಕರೆಸಿದರು.

ಎಂಜಿನ್ ವಿಷಯದಲ್ಲಿ ನನಗೆ ಜಂಬವಿದೆ, ಮುಚ್ಚಿಡುವುದಿಲ್ಲ. ಆದರೆ ಬೋಲ್ಟ್ ಬಿಚ್ಚುವ ಪಾನಾ ಕೈಗೆತ್ತಿಕೊಳ್ಳುವ ಮೊದಲು ಬಾಯಿ ಬಿಟ್ಟು ಕೇಳುವವನು ನಾನು.

“ಯಾವಾಗ ಹಟಾ ಮಾಡತೈತ್ರಿ ಕಾಕಾ?”

“ಮುಂಜಾನೆ ಥಂಡ್ಯಾಗ ನೋಡಪಾ. ಮಧ್ಯಾಹ್ನಕ್ಕ ತಾನ ಹಾದಿಗೆ ಬರತೈತಿ.”

ಅರ್ಧ ರೋಗ ಅಲ್ಲೇ ಸಿಕ್ಕಿತು. ಲಾಂಚಿನ ಹಿಂಬದಿಗೆ ಹಗ್ಗ ಬಿಗಿದು ದಂಡೆಯ ಬೇವಿನ ಮರಕ್ಕೆ ಕಟ್ಟಿಸಿದೆ. ಗೇರ್ ಹಾಕಿ ರೇಸ್ ಕೊಡಿ ಅಂದೆ. ಎಂಜಿನ್ನೇ ಸೋತಿದ್ದರೆ ಕಪ್ಪು ಹೊಗೆ ಕಾರಿ ತಿಣುಕಬೇಕಿತ್ತು. ಅದು ಸಲೀಸಾಗಿ ಓಡುತ್ತಿತ್ತು. ತಳದ ಹಲಗೆ ಎತ್ತಿ ನೋಡಿದೆ. ಮೇಲೆ ಇಷ್ಟು ಗದ್ದಲ, ಕೆಳಗೆ ನೀರು ತಳ್ಳುವ ಪಂಖದ ಶಾಫ್ಟು ಮಾತ್ರ ನಿದ್ದೆಗಣ್ಣಲ್ಲಿ ತಿರುಗುತ್ತಿತ್ತು. ಅಂದರೆ ಎಂಜಿನ್ ಗಟ್ಟಿ, ಪಂಖದ್ದೂ ತಪ್ಪಲ್ಲ. ಕಳ್ಳ ನಡುವಿನ ಗೇರ್ ಬಾಕ್ಸಿನಲ್ಲೇ ಇದ್ದ.

ಕಡ್ಡಿ ಹಾಕಿ ತೆಗೆದರೆ ಎಣ್ಣೆ ಕಾಕಂಬಿಯ ಹಾಗೆ ಎಳೆಎಳೆಯಾಗಿ ಬಂತು. ಟ್ರ್ಯಾಕ್ಟರ್ ಗೇರಿಗೆ ಹಾಕುವ ದಪ್ಪ ಎಣ್ಣೆ! ಗೇರ್ ಅಂದರೆ ದಪ್ಪ ಎಣ್ಣೆ ಎಂಬುದು ಕಬ್ಬು ಹೇರುವ ನಮ್ಮ ಸೀಮೆಯಲ್ಲಿ ಕೂಸಿಗೂ ಬಾಯಿಪಾಠ. ಲಾಂಚಿನ ಆ ಗೇರಿನ ರೀತಿಯೇ ಬೇರೆ. ಅದು ಎಣ್ಣೆಯ ಒತ್ತಡದಿಂದಲೇ ಒಳಗಿನ ಪ್ಲೇಟುಗಳನ್ನು ಅದುಮಿ ಹಿಡಿಯುತ್ತದೆ. ಅದಕ್ಕೆ ಎಂಜಿನ್ನಿಗೆ ಹಾಕುವ ತೆಳು ಎಣ್ಣೆಯೇ ಬೇಕು. ಥಂಡಿಯಲ್ಲಿ ದಪ್ಪ ಎಣ್ಣೆ ಹರಿಯುವುದಿಲ್ಲ, ಪ್ಲೇಟುಗಳು ಜಾರುತ್ತವೆ. ಬಿಸಿಲೇರಿದ ಮೇಲೆ ಹೇಗೋ ಹಿಡಿಯುತ್ತವೆ.

ಕಾಕಾ ನನ್ನ ಬೆರಳಿನ ಎಣ್ಣೆಯನ್ನೇ ನೋಡುತ್ತಿದ್ದರು. “ಪ್ಲೇಟ್ ಸುಟ್ಟಾವೇನೋ ತಮ್ಮಾ?”

“ಇನ್ನೂ ಇಲ್ಲರಿ. ಟ್ರ್ಯಾಕ್ಟರಿನ ಎಣ್ಣಿ ಬಿದ್ದೈತಿ, ಬದ್ಲಿ ಮಾಡಿದ್ರ ಛಲೋ ಆಗತೈತಿ.”

ಅಷ್ಟರಲ್ಲಿ ಸಾವಕಾರರು ದಂಡೆಗೆ ಬಂದು ನಿಂತರು. ಲಾಂಚಿಗೆ ಕಾದಿದ್ದ ಜನರೂ ಸುತ್ತ ನೆರೆದರು. “ಏನ್ ಮಿಸ್ತ್ರಿ, ಹೋತೇನು ಗೇರು?”

ನಾನು ಬಾಯಿ ತೆರೆಯುವ ಮೊದಲೇ ಕಾಕಾ ತಲೆಯ ಪಟಕಾ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

“ಗೇರ್ ಹೋಗಿಲ್ರಿ ಸಾವಕಾರ. ನಾನ ಟ್ರ್ಯಾಕ್ಟರ್ ಎಣ್ಣಿ ಹಾಕೇನಿ. ತಪ್ಪು ನಂದು, ಮುದುಕೀದಲ್ಲ.”

ನಾನು ಎಣ್ಣೆ ಇಳಿಸಿ, ಒಳಗೆ ತೊಳೆದು, ಹೊಸದು ತುಂಬಿದೆ. ಗೇರ್ ಹಾಕಿದ್ದೇ ತಡ, ಹಗ್ಗ ಬಿಗಿದು ಬೇವಿನ ಮರವೇ ಅಲುಗಿತು. ಜನ ಸಿಳ್ಳೆ ಹಾಕಿದರು. ಲಾಂಚ್ ಉಳಿಯಿತು. ಆದರೆ ಜನರ ಜೀವದ ಜೊತೆ ಆಟವಾಡಿದವನೆಂದು ಸಾವಕಾರರು ಮರುದಿನವೇ ಬೇರೊಬ್ಬ ಡ್ರೈವರನ್ನು ತಂದರು. ಕಾಕಾನನ್ನು ದಂಡೆಯಲ್ಲಿ ಹಗ್ಗ ಕಟ್ಟುವ ಕೆಲಸಕ್ಕೆ ನಿಲ್ಲಿಸಿದರು.

ಎಣ್ಣೆ ಬದಲಿಸಲು ವರ್ಷವರ್ಷವೂ ಹೋಗುತ್ತಿದ್ದೆ. ಹಗ್ಗ ಹಿಡಿದುಕೊಂಡೇ ಕಾಕಾ ಕೂಗುತ್ತಿದ್ದರು, “ಕೇಳಪಾ, ಮುದುಕಿ ಹೆಂಗ ಹಾಡಾಕತ್ತೇತಿ!” ಆ ಮುಖದಲ್ಲಿ ಕಹಿ ಇರಲಿಲ್ಲ. ಎಣ್ಣೆಯ ಕಡ್ಡಿ ಒರೆಸುವ ನೆವದಲ್ಲಿ ನಾನೇ ತಲೆ ತಗ್ಗಿಸುತ್ತಿದ್ದೆ…

ಈಗ ಅಲ್ಲಿ ಸೇತುವೆಯಾಗಿದೆ, ಲಾಂಚಿಲ್ಲ. ಕಾಕಾ ತೀರಿಕೊಂಡ ಸುದ್ದಿಯೂ ನನಗೆ ತಡವಾಗಿ ತಲುಪಿತು. ಅವರಿಗೆ ಹೇಳದೇ ಉಳಿಸಿಕೊಂಡ ಮಾತೊಂದಿದೆ. ಸಾವಕಾರರು ಕೇಳಿದಾಗ ನನ್ನ ನಾಲಿಗೆಯ ತುದಿಯಲ್ಲಿ ಒಂದು ಸುಳ್ಳು ತಯಾರಿತ್ತು: “ಹಳೇ ಗೇರು, ಸೀಲ್ ಸೋರಿತ್ತು, ಸರಿ ಮಾಡೇನಿ.” ಅಷ್ಟು ಅಂದಿದ್ದರೆ ಲಾಂಚೂ ಉಳಿಯುತ್ತಿತ್ತು, ಕಾಕಾನ ಕೈಯಲ್ಲಿ ಸ್ಟಿಯರಿಂಗೂ ಉಳಿಯುತ್ತಿತ್ತು. ಕಾಕಾ ಒಂದು ಉಸಿರಿನಷ್ಟು ತಡೆದಿದ್ದರೆ ಸಾಕಿತ್ತು.

ಇದನ್ನು ಕಾಕಾಗೆ ಹೇಳಿದ್ದರೆ “ಹುಚ್ಚ ಮಿಸ್ತ್ರಿ, ಮುದುಕಿ ಮ್ಯಾಲ ಸುಳ್ಳು ಹೇಳಾಂವಿದ್ದಿ?” ಎಂದು ದಂಡೆಯ ತುಂಬ ಬೈಯುತ್ತಿದ್ದರು. ಬೈಸಿಕೊಳ್ಳಲು ನಾನಿದ್ದೇನೆ. ಬೈಯಲು ಕಾಕಾ ಇಲ್ಲ.