ನರಿವಾಸನೆಯ ದ್ರಾಕ್ಷಿ

ನಮ್ಮ ಕ್ಯೂಕಾ ಸರೋವರದ ದಂಡೆಯಲ್ಲಿ ದ್ರಾಕ್ಷಿ ಬೆಳೆಯುವ ಓರಿನ್ ಹಾಸ್ಕಿನ್ಸನಿಗೆ ವೈನು ಬಲ್ಲವರೆಲ್ಲರ ಮೇಲೂ ಅನುಮಾನ. ಅವನು ಬೆಳೆಯುವ ಈ ನೆಲದ ಕಪ್ಪು ದ್ರಾಕ್ಷಿಯ ಘಾಟು ರುಚಿಗೆ ಅವರು ‘ನರಿವಾಸನೆ’ ಎಂದು ಹೆಸರಿಟ್ಟಿದ್ದಾರೆ. ಯಾರಾದರೂ ಆ ಮಾತೆತ್ತಿದರೆ ಸಾಕು, “ನರೀನ ಮೂಸಿ ನೋಡಿದೀರಾ ಸ್ವಾಮಿ? ಎಲ್ಲಿ, ಯಾವಾಗ?” ಎಂದು ಪೊಲೀಸನಂತೆ ಶುರುಮಾಡುತ್ತಾನೆ. ನರಿಗಳು ಆಸೆಪಟ್ಟು ತಿನ್ನುವುದರಿಂದ ಆ ಹೆಸರು ಬಂತೆಂದು ಪಾದ್ರಿ ಹೇಳಿದ್ದಕ್ಕೆ ಮೂರು ಸುಗ್ಗಿ ಬೇಲಿಯ ಪಕ್ಕ ಕಾದು ಕುಳಿತ, ಬಂದದ್ದು ಜಿಂಕೆ. “ಫ್ರೆಂಚ್ ಬಳ್ಳಿ ಮಾರೋರು ಹುಟ್ಟಿಸಿದ ಮಾತು ಕಣಯ್ಯ ಇದು,” ಎಂದು ನನ್ನ ಕಿವಿಯಲ್ಲಿ ಹೇಳಿ ಸುತ್ತ ನೋಡುತ್ತಾನೆ. ಆದರೆ ಮಗಳು ಅಡೀಲಿಯಾಳ ಮದುವೆಯಲ್ಲಿ ಅವನು ಬೀಗರಿಗೆ ಕೊಟ್ಟದ್ದು ಫ್ರೆಂಚ್ ಬಳ್ಳಿಯ ವೈನು. ಅವರು ಗುಟುಕರಿಸಿ ತಲೆದೂಗುತ್ತಿದ್ದಾಗ ಇವನು ಬಾಗಿಲ ಹಿಂದೆ ನಿಂತು ತನ್ನ ಅಂಗಿಯ ತೋಳನ್ನು ಮೂಸಿಕೊಳ್ಳುತ್ತಿದ್ದ.